ಕಪ್ಪಾಗದ ವಾಚು

ಸೇವಂತಿಗೆ ಎಪ್ಪತ್ತು ವರ್ಷ. ಕಡಬದಿಂದ ಜೀಪಿನಲ್ಲಿ ಅರ್ಧ ಗಂಟೆ ಹೋದರೆ ಅವಳ ರಬ್ಬರ್ ತೋಟ. ಬೆಳಗ್ಗೆ ಅವಳು ಕತ್ತಿ ಹಿಡಿದು ಇಳಿದರೆ ಸಾಕು, ಹೆದರಿ ಮರಗಳು ತಾವಾಗಿ ಹಾಲು ಸುರಿಸುತ್ತವೆ ಎಂದು ಊರೆಲ್ಲ ಹೇಳುತ್ತದೆ. ಊರಿಗೆ ಹೇಳಿದವನು ನಾನೇ.

ಇಂಥವಳಿಗೆ ಅತ್ತೆ ಪೂವಕ್ಕನ ಮೇಲೆ ನಲವತ್ತೆಂಟು ವರ್ಷದ ಸಿಟ್ಟಿತ್ತು. ಮದುವೆಯ ಹೊತ್ತಿಗೆ ಅತ್ತೆ ದೊಡ್ಡ ಸೊಸೆಗೆ ಚಿನ್ನದ ಸರ ಕೊಟ್ಟಿದ್ದರು. ಇವಳಿಗೆ ಕೊಟ್ಟದ್ದು "ಬೆಳ್ಳಿಯದ್ದು" ಎಂದು ಒಂದು ಪುಟ್ಟ ಕೈಗಡಿಯಾರ, ಸುತ್ತ ಸಾಸಿವೆಯಷ್ಟು ಸಣ್ಣ ಕಲ್ಲುಗಳು. ಮಾರನೆ ದಿನವೇ ಅದು ನಿಂತಿತು. ಅದನ್ನಾದರೂ ಕ್ಷಮಿಸಬಹುದು. ಆದರೆ ಬೆಳ್ಳಿಯಾದರೆ ಕಪ್ಪಾಗಬೇಕಲ್ಲ! ವರ್ಷ ಕಳೆದರೂ ಆಗಲಿಲ್ಲ. ಸೇವಂತಿ ಅದನ್ನು ಬೂದಿ ಹಾಕಿ ತಿಕ್ಕಿದಳು, ಹುಳಿ ಹಾಕಿ ತಿಕ್ಕಿದಳು, ಕೊನೆಗೆ ರಬ್ಬರ್ ಶೀಟಿನ ಸಾಲಿನಲ್ಲಿ ಹೊಗೆಗೂಡಿನೊಳಗೆ ಒಂದು ತಿಂಗಳು ನೇತು ಹಾಕಿದಳು. ಶೀಟು ಕಂದಿತು, ಗೂಡಿನ ಹಲ್ಲಿ ಕಾಗೆಯ ಬಣ್ಣಕ್ಕೆ ಬಂತು, ವಾಚು ಮಾತ್ರ ಒರೆಸಿದರೆ ಹುಣ್ಣಿಮೆ. ಅಲ್ಲಿಗೆ ತೀರ್ಮಾನ: ಸ್ಟೀಲು. ಅತ್ತೆ ಮೋಸ ಮಾಡಿದ್ದಾರೆ.

ಜಗಳ ಮಾಡಲಿಲ್ಲ. ದಿನಾ ಅತ್ತೆಯ ತಲೆಗೆ ಎಣ್ಣೆ ಹಾಕುವಾಗ ತುಸು ಜೋರಾಗಿ ತಿಕ್ಕುತ್ತಿದ್ದಳು, ಅಷ್ಟೆ. ತೊಂಬತ್ತನಾಲ್ಕರಲ್ಲೂ ಪೂವಕ್ಕನ ಕೂದಲು ಕಪ್ಪಗಿರುವುದು ಅದೇ ಕಾರಣಕ್ಕೆ.

ಈಗ ಮೊಮ್ಮಗಳು ಯಶಸ್ವಿ ತನ್ನ ಮದುವೆಗೆ ಆ ವಾಚನ್ನೇ ಕಟ್ಟುತ್ತೇನೆಂದು ಹಟ ಹಿಡಿದಳು. ಸೇವಂತಿ ಅದನ್ನು ಕಡಬದಲ್ಲಿ ವಾಚು ರಿಪೇರಿ ಮಾಡುವ ಹಕೀಮನ ಅಂಗಡಿಗೆ ತಂದಳು. ಆ ಅಂಗಡಿ ಎಷ್ಟು ಸಣ್ಣದೆಂದರೆ ಗಿರಾಕಿ ಸೀನಬೇಕಾದರೆ ಹಕೀಮ್ ಎದ್ದು ಹೊರಗೆ ಬರಬೇಕು. ಪೇಪರ್ ಓದುವ ನೆಪದಲ್ಲಿ ನಾನು ಅರ್ಧ ಒಳಗೆ, ಅರ್ಧ ರಸ್ತೆಯಲ್ಲಿ ಕೂತಿದ್ದೆ.

"ರಿಪೇರಿ ಆಮೇಲೆ ಹಕೀಮಣ್ಣ. ಇದು ಎಂತದ್ದು ಅಂತ ಮೊದಲು ಹೇಳಿ. ಅತ್ತೆ ನನಗೆ ಮೋಸ ಮಾಡಿದ್ದು ಹೌದಾ ಅಲ್ವಾ ಗೊತ್ತಾಗ್ಬೇಕು. ಅವರಿಗೆ ತೊಂಬತ್ತನಾಲ್ಕು ಆಯ್ತು. ಇನ್ನು ಜಗಳ ಮಾಡ್ಲಿಕ್ಕೆ ಹೆಚ್ಚು ಟೈಮಿಲ್ಲ."

ಹಕೀಮ್ ಬೆನ್ನಿನ ಮುಚ್ಚಳ ತೆಗೆದ. ಒಳಗಿದ್ದ ಮಸಿಯಲ್ಲಿ ನಾಲ್ಕು ಶಾಲೆಯ ಬೋರ್ಡಿಗೆ ಬಣ್ಣ ಬಳಿಯಬಹುದಿತ್ತು. ಒರೆಸಿ, ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದವನು ಉಸಿರು ಬಿಡುವುದನ್ನೇ ಮರೆತ.

"ಸೇವಂತಿಯಕ್ಕ, ಇದು ಪ್ಲಾಟಿನಮ್. ಒಳಗೆ ಕೆತ್ತಿದ್ದುಂಟು ನೋಡಿ."

"ಅದು ಕಪ್ಪಾಗುದಿಲ್ವಾ?"

"ಪ್ರಳಯ ಆದ್ರೂ ಆಗುದಿಲ್ಲ."

ಪಕ್ಕದ ಚಿನ್ನದಂಗಡಿಯ ನೌಷಾದ್ ಕಲ್ಲು ಪರೀಕ್ಷಿಸುವ ಯಂತ್ರ ತಂದು ಒಂದೊಂದಕ್ಕೂ ಮುಟ್ಟಿಸಿದ. ಇಪ್ಪತ್ತೆರಡು ಕಲ್ಲು, ಇಪ್ಪತ್ತೆರಡು ಸಲ 'ಪೀಂ'. ಎಲ್ಲವೂ ವಜ್ರ. ನೌಷಾದ್ ಫೋಟೊ ಕಳಿಸಿದ ಎರಡೇ ನಿಮಿಷಕ್ಕೆ ಮಂಗಳೂರಿನ ಹಳೆ ವಾಚು ಸಂಗ್ರಹಿಸುವವರೊಬ್ಬರ ಫೋನು ಬಂತು.

"ದಯವಿಟ್ಟು ತಿಕ್ಕಬೇಡಿ! ಈವರೆಗೆ ಯಾರೂ ತಿಕ್ಕಿಲ್ಲ ತಾನೇ?"

"ಇಲ್ಲ ಮಾರಾಯ್ರೆ," ಎಂದಳು ಸೇವಂತಿ, "ಬೂದಿ, ಹುಳಿ ಮಾತ್ರ. ಮತ್ತೆ ಒಂದು ತಿಂಗಳು ಹೊಗೆಗೆ ಇಟ್ಟಿದ್ದೆ."

ಆ ಕಡೆ ಫೋನು ಕೆಳಗೆ ಬಿದ್ದ ಸದ್ದಾಯಿತು. ಸೇವಂತಿ ಕಾಯಲಿಲ್ಲ. ವಾಚನ್ನು ಹಕೀಮನಿಗೆ ಬಿಟ್ಟು, ಹೊರಟಿದ್ದ ಜೀಪಿಗೆ ಹತ್ತಿದಳು. ಮುಂದೆ ಆದದ್ದನ್ನು ಅವಳೇ ನನಗೆ ಹೇಳಿದ್ದು.

ಪೂವಕ್ಕ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು.

"ಅತ್ತೆ, ಆ ವಾಚು ವಜ್ರದ್ದಂತೆ. ನಿಮಗೆ ಗೊತ್ತಿತ್ತಾ?"

"ನನಗೆಲ್ಲಿಂದ ಗೊತ್ತು? ಸಂಪಾಜೆ ಘಾಟಿಯ ತೋಟದ ದೊರೆಸಾನಿಗೆ ಕಾಮಾಲೆ ಆಗಿದ್ದಾಗ ಕಿರುನೆಲ್ಲಿ ಅರೆದು ಕೊಟ್ಟಿದ್ದೆ. ಊರಿಗೆ ಹೋಗುವಾಗ ಕೈಯಿಂದ ಬಿಚ್ಚಿ ಕೊಟ್ಟಳು. ಬೆಳ್ಳಿ ಅಂತಲೇ ಎಣಿಸಿದ್ದು."

"ಹಾಗಾದ್ರೆ ದೊಡ್ಡಕ್ಕನಿಗೆ ಯಾಕೆ ಚಿನ್ನ?"

"ಅವಳು ಬಾಯಿ ಬಿಟ್ಟು ಕೇಳಿದ್ಳು, ಕೊಟ್ಟೆ. ನೀನು ಎಂತದೂ ಕೇಳ್ಲಿಲ್ಲ. ಕೇಳದವಳಿಗೆ ನನಗೆ ಇಷ್ಟದ್ದನ್ನೇ ಕೊಡುವ ಅಂತ ಕಂಡಿತು."

ಸೇವಂತಿ ಕೆಳಗೆ ಕೂತು ಒಂದಿಷ್ಟು ಬೀಜ ಸುಲಿದಳು. ನಲವತ್ತೆಂಟು ವರ್ಷ ಜತನದಿಂದ ಸಾಕಿದ ಸಿಟ್ಟು. ಒಮ್ಮೆಲೇ ಹೋದರೆ ಮನೆ ಖಾಲಿಯೆನಿಸುವುದಿಲ್ಲವೇ?

"ಇದನ್ನು ಆಗಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನೀನು ಕೇಳಿದ್ಯಾ?"

ಯಶಸ್ವಿ ಅದೇ ವಾಚು ಕಟ್ಟಿ ಮದುವೆಯಾದಳು. ಮಂಗಳೂರಿನ ಸಂಗ್ರಹದವರು ಊಟಕ್ಕೆ ಬಂದು, ಅವಳ ಕೈಯನ್ನೇ ನೋಡುತ್ತಾ ಹೋಳಿಗೆಯನ್ನು ಸಾರಿನಲ್ಲಿ ಅದ್ದಿ ತಿಂದರು. ಪೂವಕ್ಕನ ತಲೆಗೆ ಈಗಲೂ ದಿನಾ ಎಣ್ಣೆ. ಸೇವಂತಿಯ ಕೈ ಮೆತ್ತಗಾಗಿದೆಯಂತೆ.

"ಇದೆಂಥ ತಿಕ್ಕುದು?" ಎಂದು ಪೂವಕ್ಕ ಗದರುತ್ತಾರೆ. "ಮೊದಲಿನ ಹಾಗೆ ತಿಕ್ಕು ಮಾರಾಯ್ತಿ!"