ಲಕ್ಷ್ಮಕ್ಕ ಕೇಳಿದ ಎತ್ತರ

ಬಿಳಿಗುಡ್ಡದಹಳ್ಳಿಯ ಲಕ್ಷ್ಮಕ್ಕ ಕುರಿಗಳ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುವುದಿಲ್ಲ ಎಂದು ಊರಿನವರು ನಗುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ. ಜಗಳೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಆ ಊರಿನ ಗೋಮಾಳದಲ್ಲಿ ಮೂವತ್ತು ವರ್ಷದಿಂದ ಆಕೆ ಕುರಿ ಮೇಯಿಸುತ್ತಿದ್ದಳು. ಯಾವ ಇಳಿಜಾರಿನಲ್ಲಿ ಹುಲ್ಲು ಮೊದಲು ಚಿಗುರುತ್ತದೆ, ಯಾವ ಮಳೆಗೆ ಯಾವ ಸೊಪ್ಪು ಏಳುತ್ತದೆ ಎಂಬುದೆಲ್ಲ ಆಕೆಗೆ ಅಂಗೈಯಷ್ಟೇ ಪರಿಚಿತ. ಈಚಿನ ವರ್ಷಗಳಲ್ಲಿ ಮಾತ್ರ ಆ ಲೆಕ್ಕ ತಪ್ಪತೊಡಗಿತ್ತು. ಮಳೆ ಬರಬೇಕಾದಾಗ ಬಾರದೆ, ಬೇಡವಾದಾಗ ಒಂದೇ ಸಲ ಸುರಿದು ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು.

ಗಂಡ ಕೆಂಚೇಶನಿಗೆ ಎರಡೆಕರೆ ಮೆಕ್ಕೆಜೋಳ, ಒಂದು ಬೋರು. ಮೋಟಾರಿಗೆ ಕರೆಂಟು ಬರುತ್ತಿದ್ದುದು ಊರೆಲ್ಲ ಮಲಗಿದ ಮೇಲೆ. ಏಳು ವರ್ಷದ ಹಿಂದೆ ಹಾಗೆ ಮೋಟಾರು ಹಾಕಲು ಹೋದವನಿಗೆ ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲೇ ಕೊಳಕುಮಂಡಲ ಹಾವು ಕಚ್ಚಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗಾಲಿನ ಎರಡು ಬೆರಳು ಉಳಿಯಲಿಲ್ಲ.

ಹೀಗಿರುವಾಗ ಊರಿಗೆ ಸುದ್ದಿ ಬಂತು. ಗೋಮಾಳದ ನಲವತ್ತು ಎಕರೆಯಲ್ಲಿ ಸೋಲಾರ್ ಪ್ಲೇಟು ಹಾಕುತ್ತಾರಂತೆ, ಅದರ ಕರೆಂಟನ್ನು ಹಗಲು ಹೊತ್ತಿನಲ್ಲೇ ಪಂಪ್‌ಸೆಟ್ಟುಗಳಿಗೆ ಕೊಡುತ್ತಾರಂತೆ. ಬೋರು ಇದ್ದವರು ಕುಣಿದಾಡಿದರು. ಕುರಿ ಸಾಕುವ ಹನ್ನೊಂದು ಮನೆಯವರು ತಲೆಯ ಮೇಲೆ ಕೈ ಹೊತ್ತು ಕೂತರು. ಲಕ್ಷ್ಮಕ್ಕನ ಮನೆಯಲ್ಲಿ ಎರಡೂ ಒಂದೇ ಸೂರಿನಡಿ ನಡೆದವು.

“ಹಗಲೊತ್ತು ಕರೆಂಟ್ ಬಂದ್ರೆ ನನ್ನಂಗೆ ಇನ್ಯಾರೂ ಕುಂಟಾಗಲ್ಲ ಕಣೇ. ಅಡ್ಡ ಹೋಗಬ್ಯಾಡ,” ಎಂದ ಕೆಂಚೇಶ.

“ನಾನೆಲ್ಲಿ ಅಡ್ಡ ಹೋದೆ? ಕರೆಂಟ್ ಬರ್ಲಿ ರೀ, ನಂಗೂ ಬೇಕು. ಅದು ಬಂದ್ಮೇಲೆ ಕುರಿ ಎಲ್ಲಿ ಮೇಯಿಸ್ಲಿ? ನಿಮ್ಮ ಜೋಳದಾಗೆ ಬಿಡ್ಲಾ?”

ಕೆಂಚೇಶ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟ. ನಿಜ ಹೇಳಬೇಕೆಂದರೆ ಕುರಿ ಎಲ್ಲಿ ಮೇಯಿಸಬೇಕೆಂಬುದು ಅವಳಿಗೂ ತಿಳಿದಿರಲಿಲ್ಲ.

ಆ ತಿಂಗಳು ಸಂತೇಬೆನ್ನೂರಿನಲ್ಲಿರುವ ತಂಗಿ ನಾಗರತ್ನಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಲಕ್ಷ್ಮಕ್ಕ ಎರಡು ಬಸ್ಸು ಬದಲಿಸಿ ಹೋದಳು. ಅಲ್ಲಿಂದ ಸ್ವಲ್ಪ ದೂರದಲ್ಲಿ ಅಂಥದೇ ಒಂದು ಪ್ಲಾಂಟು ಇದೆ ಎಂದು ಕೇಳಿ ಮರುದಿನ ಬೆಳಿಗ್ಗೆಯೇ ತಂಗಿಯನ್ನು ಎಬ್ಬಿಸಿಕೊಂಡು ಹೊರಟಳು.

“ಅಕ್ಕಾ, ಪಾಯಸ ತಿನ್ನಾಕೆ ಬಂದೋಳು ಬೇಲಿ ನೋಡಾಕೆ ಹೊಂಟಿದಿಯಲ್ಲ,” ಎಂದು ನಾಗರತ್ನ ಗೊಣಗುತ್ತಲೇ ಬಂದಳು.

ಬೇಲಿಯಾಚೆ ಕಂಡದ್ದು ಲಕ್ಷ್ಮಕ್ಕನನ್ನು ನಿಲ್ಲಿಸಿಬಿಟ್ಟಿತು. ಪ್ಲೇಟು ತೊಳೆದ ನೀರು ಕೆಳಗೆ ಇಳಿದು, ಮೇಲಿನ ನೆರಳಿಗೆ ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತಿತ್ತು. ಸುತ್ತಲ ಹೊಲಗಳು ಒಣಗಿದ್ದರೂ ಅಲ್ಲಿ ಹಸಿರು. ಇಬ್ಬರು ಕೂಲಿಯವರು ಮೆಷಿನ್ನಿನಿಂದ ಆ ಹುಲ್ಲನ್ನು ಕತ್ತರಿಸುತ್ತಿದ್ದರು.

“ಈ ಹುಲ್ಲು ಏನ್ಮಾಡ್ತೀರಿ?” ಎಂದು ವಾಚ್‌ಮನ್‌ನನ್ನು ಕೇಳಿದಳು.

“ಏನ್ಮಾಡ್ತೀವಿ, ಒಣಗಿಸಿ ಆಚೆ ಬಿಸಾಕ್ತೀವಿ. ಬಿಟ್ರೆ ಪ್ಲೇಟಿಗೆ ನೆರಳು ಬೀಳುತ್ತೆ, ಬೇಸಿಗೇಲಿ ಬೆಂಕಿ ಭಯ. ಇದೊಂದು ದೊಡ್ಡ ತಲೆನೋವು ಕಣಮ್ಮ.”

ಅವನನ್ನು ಒಪ್ಪಿಸಿ ಲಕ್ಷ್ಮಕ್ಕ ಒಳಗೆ ಹೋದಳು. ಪ್ಲೇಟಿನ ಕೆಳತುದಿಗೆ ಮೊಣಕೈ ಹಚ್ಚಿ ಅಳೆದಳು. ಒಂದು ಮೊಳ, ನಾಲ್ಕು ಬೆರಳು. ಕುರಿ ನುಗ್ಗಿದರೆ ಬೆನ್ನು ತಾಗುತ್ತದೆ. ಎರಡು ಮೊಳ ಇದ್ದರೆ ದೊಡ್ಡ ಟಗರೂ ಆರಾಮಾಗಿ ಓಡಾಡುತ್ತದೆ. ಕೆಳಗೆ ಜೋತುಬಿದ್ದ ವೈರುಗಳನ್ನೂ ಗಮನಿಸಿದಳು. ಊರಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕ ಕೂತವರು ಮಾತಾಡಿಸಿದರೂ ಆಕೆಗೆ ಕೇಳಿಸಲಿಲ್ಲ.

ಹದಿನೈದು ದಿನಕ್ಕೆ ಗ್ರಾಮಸಭೆ ಸೇರಿತು. ಅಧಿಕಾರಿಗಳು ಬಂದರು, ಕಂಪನಿಯ ಇಂಜಿನಿಯರ್ ವಿನಯ್ ಕುಮಾರ್ ಬಂದ. ಹವಾಮಾನ ಕೆಡುತ್ತಿರುವುದು, ಕಲ್ಲಿದ್ದಲು ಸುಡುವುದನ್ನು ದೇಶವೇ ಕಡಿಮೆ ಮಾಡಬೇಕಾಗಿರುವುದು, ಎಲ್ಲವನ್ನೂ ಅವನು ಚೆನ್ನಾಗಿಯೇ ವಿವರಿಸಿದ. ಕುರಿಯವರ ಪರವಾಗಿ ಮುದುಕ ಗಾದ್ರಪ್ಪ ಎದ್ದು, “ಒಂದು ಕಂಬ ನೆಟ್ಟರೂ ಕಿತ್ತು ಹಾಕ್ತೀವಿ,” ಎಂದು ಕೂಗಿದ. ಪಂಚಾಯಿತಿ ಸದಸ್ಯ ಹನುಮಣ್ಣ ಅವನ ಮೇಲೆ ರೇಗಿದ. “ನಾಲ್ಕು ಕುರಿ ಸಲುವಾಗಿ ಊರೆಲ್ಲ ಕತ್ಲಾಗೆ ಹಾವು ತುಳೀಬೇಕೇನೋ?” ಕುರ್ಚಿಗಳು ಸರಿದಾಡಿದವು. ಸಭೆ ಮುರಿಯುವ ಹಂತಕ್ಕೆ ಬಂತು.

ಲಕ್ಷ್ಮಕ್ಕ ಎದ್ದು ನಿಂತಳು. ಮೈಕು ಬೇಡವೆಂದಳು.

“ಹನುಮಣ್ಣ, ಹಾವು ಕಚ್ಚಿದ್ದು ನಮ್ಮನೆಯವ್ರಿಗೆ. ಅದನ್ನ ನಂಗೆ ಹೇಳಬ್ಯಾಡ,” ಎಂದಳು. ಆಮೇಲೆ ಇಂಜಿನಿಯರ ಕಡೆ ತಿರುಗಿದಳು. “ಸರ್, ಕಲ್ಲಿದ್ದಲು ಸುಟ್ಟೋರು ನಾವಲ್ಲ. ಮಳೆ ಕೆಟ್ರೆ ಮೊದ್ಲು ಸಾಯೋದು ನಮ್ಮ ಮರಿ. ಆದ್ರೂ ಜಾಗ ಕೊಡ್ತೀವಿ. ಪ್ಲೇಟು ಎರಡು ಮೊಳ ಮ್ಯಾಲೆ ಎತ್ರಿ. ಕೆಳಗೆ ನಮ್ಮ ಕುರಿ ಮೇಯ್ತವೆ. ನಿಮ್ಗೆ ಹುಲ್ಲು ಕತ್ತರಿಸೋ ಕೆಲ್ಸ ಇಲ್ಲ, ನಮ್ಗೆ ಗೋಮಾಳ ಹೋಗಲ್ಲ.”

ಹಿಂದಿನಿಂದ ಯಾರೋ ನಕ್ಕರು. ವಿನಯ್ ಕುಮಾರ್ ನಗಲಿಲ್ಲ.

“ಎತ್ತರ ಮಾಡಿದ್ರೆ ಕಬ್ಬಿಣ ಜಾಸ್ತಿ ಬೇಕಮ್ಮ. ಗಾಳಿ ಹೊಡೆತಕ್ಕೂ ಲೆಕ್ಕ ಹಾಕ್ಬೇಕು. ಪ್ರಾಣಿಗಳು ಪ್ಲೇಟಿನ ಮೇಲೆ ಹತ್ತಿದ್ರೆ?”

“ಹತ್ತೋದು ಮೇಕೆ, ಕುರಿ ಹತ್ತಲ್ಲ. ಮೇಕೆ ಒಳಗೆ ಬಿಡಾಕೆ ನಾನೇ ಒಪ್ಪಲ್ಲ. ನಂಬಿಕೆ ಇಲ್ದಿದ್ರೆ ನಾಲ್ಕು ಪ್ಲೇಟು ಹಾಕಿ ನೋಡ್ರಿ. ನಮ್ಮ ಕುರಿ ಬಿಡ್ತೀನಿ, ಒಂದು ತಿಂಗಳು.”

ಅವನು ಫೋನಿನಲ್ಲಿ ಮೇಲಿನವರ ಜೊತೆ ಬಹಳ ಹೊತ್ತು ಮಾತಾಡಿ ಬಂದು ಆಗಲಿ ಎಂದ.

ಗೋಮಾಳದ ಅಂಚಿನಲ್ಲಿ ನಾಲ್ಕಲ್ಲ, ಎಂಟು ಪ್ಲೇಟುಗಳನ್ನು ಎರಡು ಮೊಳ ಎತ್ತರದಲ್ಲಿ ನಿಲ್ಲಿಸಿದರು. ಲಕ್ಷ್ಮಕ್ಕ ದಿನವೂ ಕುರಿಗಳನ್ನು ಅಲ್ಲಿಗೆ ಹೊಡೆದಳು. ಬಿಸಿಲೇರಿದರೆ ಅವು ತಾವಾಗಿಯೇ ಪ್ಲೇಟಿನ ನೆರಳಿಗೆ ಸೇರಿ ಮೆಲುಕು ಹಾಕುತ್ತಿದ್ದವು. ಗಾದ್ರಪ್ಪನೂ ಬಂದು ದೂರದಲ್ಲಿ ಕೂತು ನೋಡತೊಡಗಿದ.

ಹನ್ನೆರಡನೆಯ ದಿನ ಎಡವಟ್ಟಾಯಿತು. ಕಂಬಕ್ಕೆ ಮೈ ಉಜ್ಜುತ್ತಿದ್ದ ಟಗರಿನ ಕೊಂಬಿಗೆ ವೈರು ಸಿಕ್ಕಿ ಕಿತ್ತು ಬಂತು. ಟಗರಿಗೆ ಏನೂ ಆಗಲಿಲ್ಲ. 

ಗಾದ್ರಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸಿಕ್ಕಿಸಿ ಸುಮ್ಕಿರು ತಾಯಿ. ಯಾರೂ ನೋಡಿಲ್ಲ. ಗೊತ್ತಾದ್ರೆ ಎಲ್ಲಾ ಮುಗೀತು.”

ಲಕ್ಷ್ಮಕ್ಕ ಆ ವೈರನ್ನೇ ನೋಡುತ್ತ ನಿಂತಳು. ಬಚ್ಚಿಟ್ಟರೆ ಇವತ್ತು ಉಳಿಯುತ್ತದೆ. ನಾಳೆ ನಲವತ್ತು ಎಕರೆಯಲ್ಲಿ ಇದೇ ಆದರೆ, ಕುರಿಯೋ ಕುರಿ ಕಾಯುವವರ ಮಗುವೋ ಕರೆಂಟು ಹೊಡೆದು ಬಿದ್ದರೆ? ಕುರಿಗಳನ್ನು ದೂರ ಅಟ್ಟಿ, ಫೋನು ತೆಗೆದು ತಾನೇ ಇಂಜಿನಿಯರ ನಂಬರು ಒತ್ತಿದಳು.

“ಸರ್, ಟಗರು ವೈರು ಕಿತ್ತೈತೆ. ತಪ್ಪು ನಮ್ದೂ ಐತೆ, ನಿಮ್ದೂ ಐತೆ. ವೈರು ಹಂಗೆ ಜೋತು ಬಿಡಬಾರ್ದು. ಬಂದು ನೋಡ್ರಿ.”

ಸಂಜೆಯೊಳಗೆ ವಿನಯ್ ಕುಮಾರ್ ಬಂದ. ಬೈಯುತ್ತಾನೆಂದು ಕಾದಿದ್ದ ಗಾದ್ರಪ್ಪನಿಗೆ ಆಶ್ಚರ್ಯ ಕಾದಿತ್ತು. ಇಂಜಿನಿಯರು ಮಂಡಿಯೂರಿ ಕೂತು, “ಎಲ್ಲಿ ಉಜ್ಜುತ್ತವೆ, ಎಷ್ಟು ಎತ್ತರಕ್ಕೆ ಕೊಂಬು ತಾಗುತ್ತೆ, ತೋರಿಸಮ್ಮ,” ಎಂದ. ಲಕ್ಷ್ಮಕ್ಕ ಟಗರನ್ನೇ ಹಿಡಿದು ತಂದು ನಿಲ್ಲಿಸಿದಳು. ವೈರುಗಳನ್ನೆಲ್ಲ ಗಟ್ಟಿ ಪೈಪಿನೊಳಗೆ ಹಾಕಿ ನೆಲದಡಿ ಹೂಳಬೇಕೆಂದೂ, ಮೈ ಉಜ್ಜಲು ಅಲ್ಲಲ್ಲಿ ಬೇರೆ ಕಲ್ಲುಕಂಬ ನೆಡಬೇಕೆಂದೂ ಅಲ್ಲೇ ತೀರ್ಮಾನವಾಯಿತು. ಕಲ್ಲುಕಂಬದ ಯೋಚನೆ ಗಾದ್ರಪ್ಪನದು.

ತಿಂಗಳು ಮುಗಿದಾಗ ಒಂದು ಪ್ಲೇಟೂ ಒಡೆದಿರಲಿಲ್ಲ, ಹುಲ್ಲು ಕಂಬಳಿ ಹಾಸಿದಂತೆ ಮಟ್ಟಸವಾಗಿತ್ತು. ಒಪ್ಪಂದದ ಕಾಗದದಲ್ಲಿ ಕುರಿ ಸಾಕುವ ಹನ್ನೊಂದು ಮನೆಯವರ ಹಕ್ಕು, ಕುರಿಗಳು ನೀರು ಕುಡಿಯುವ ಕಟ್ಟೆಗೆ ಹೋಗುವ ದಾರಿ, ಪ್ಲೇಟಿನ ಎತ್ತರ ಎಲ್ಲವನ್ನೂ ಬರೆಸಿದರು. ಸಹಿ ಹಾಕುವ ಮೊದಲು ಲಕ್ಷ್ಮಕ್ಕ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದಳು. ಎಲ್ಲರಿಗೂ ಎಲ್ಲವೂ ಸಿಕ್ಕಿತೆಂದಲ್ಲ. ಮೇಕೆ ಸಾಕುತ್ತಿದ್ದ ಎರಡು ಮನೆಯವರು ಮೇಕೆ ಮಾರಿ ಕುರಿ ಕೊಳ್ಳಬೇಕಾಯಿತು. ಅವರ ಮನೆಗೆ ಲಕ್ಷ್ಮಕ್ಕ ತನ್ನ ಮಂದೆಯಿಂದ ಒಂದೊಂದು ಹೆಣ್ಣುಮರಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು.

ಮುಂದಿನ ವರ್ಷ ಹಗಲು ಹೊತ್ತಿನ ಕರೆಂಟು ಬಂತು. ಕೆಂಚೇಶ ಬೆಳಗಿನ ತಿಂಡಿ ಮುಗಿಸಿ, ಬಿಸಿಲಿನಲ್ಲಿ ನಿಧಾನಕ್ಕೆ ನಡೆದು ಹೋಗಿ ಮೋಟಾರು ಹಾಕಿದ. ನೀರು ಚಿಮ್ಮಿದ್ದನ್ನು ಕಂಡು ಪಕ್ಕದ ಹೊಲದ ಹನುಮಣ್ಣನಿಗೆ ಕೂಗಿ ಹೇಳಿದ: “ನೋಡೋ, ನಮ್ಮನೆಯಾಕೆ ಜಗಳ ಆಡಿ ತಂದ ಕರೆಂಟು!”

“ಜಗಳ ಆಡಿದ್ದು ನಾನು ಕಣಪ್ಪ, ತಂದಿದ್ದು ಆಕೆ,” ಎಂದ ಹನುಮಣ್ಣ.

ಸುದ್ದಿ ಊರಿಂದೂರಿಗೆ ಹೋಯಿತು. ಹೊನ್ನಾಳಿ ಕಡೆಯವರು ಒಂದು ಟೆಂಪೊ ತುಂಬ ಬಂದು ನೋಡಿ ಹೋದರು. ಆಮೇಲೆ ನ್ಯಾಮತಿಯ ಹತ್ತಿರದ ಹಳ್ಳಿಯೊಂದರಲ್ಲಿ ಇಂಥದೇ ತಕರಾರು ಎದ್ದಾಗ, ಅಲ್ಲಿನ ಸಭೆಗೆ ಲಕ್ಷ್ಮಕ್ಕನನ್ನು ಕಾರು ಕಳಿಸಿ ಕರೆಸಿದರು. ಕೆಂಚೇಶ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಜೊತೆಗೆ ಹೋದ.

ಶಾಮಿಯಾನ ಹಾಕಿ ವೇದಿಕೆಯ ಮೇಲೆ ಆಕೆಗೊಂದು ಕುರ್ಚಿ ಇಟ್ಟಿದ್ದರು. ಹಾರ ಹಾಕಲು ಬಂದ ಅಧಿಕಾರಿಯನ್ನು ಲಕ್ಷ್ಮಕ್ಕ ಕೈಯೆತ್ತಿ ತಡೆದಳು.

“ಸರ್, ಕೂರಾಕೆ ಆಮೇಲೆ ಕೂರ್ತೀನಿ. ಇಲ್ಲಿ ಮಳೆ ಬೇರೆ, ನಮ್ಮಲ್ಲಿ ಬೇರೆ. ಇಲ್ಲಿ ಹುಲ್ಲು ಹೆಂಗೆ ಬೆಳೀತೈತೆ, ಇವ್ರು ಏನು ಸಾಕ್ತಾರೆ, ನೋಡ್ದೆ ಏನು ಹೇಳ್ಲಿ? ಮೊದ್ಲು ಜಾಗ ತೋರಿಸ್ರಿ.”

ಮುಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ ದನಗಾಹಿ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಒಬ್ಬಾಕೆ ಎದ್ದು, “ಬಾರಕ್ಕ, ನಾನು ತೋರಿಸ್ತೀನಿ,” ಎಂದಳು. ಇಬ್ಬರೂ ಗೋಮಾಳದ ಕಡೆ ನಡೆದರು. ಅವರ ಹಿಂದೆ ಊರಿನವರು, ಊರಿನವರ ಹಿಂದೆ ಬೂಟು ಹಾಕಿದ ಅಧಿಕಾರಿಗಳು. ಕೆಂಚೇಶ ಕುಂಟುತ್ತ, ಎಲ್ಲರಿಗಿಂತ ಕೊನೆಗೆ, ಎದೆಯುಬ್ಬಿಸಿ ಹೊರಟ. ಮುಂದೆ ಹೋಗುತ್ತಿರುವಾಕೆ ಯಾರು ಎಂದು ದಾರಿಯಲ್ಲಿ ಯಾರೋ ಕೇಳಿದರು. ಅವನು ನಿಂತು, ಉಸಿರು ತೆಗೆದುಕೊಂಡು, ಊರು ಹೆಸರು ಸಮೇತ ಹೇಳಿದ.