ಒಂದೇ ಬಾಯಿಯ ಹಲ್ಲುಗಳು

ನಸೀಮಾ, ಅವತ್ತು ನೀನು ಹೇಳಿದ್ದೇ ಸರಿಯಾಗಿತ್ತು. ಅದು ನನಗೆ ಹನ್ನೊಂದು ವರ್ಷಗಳಿಂದ ಗೊತ್ತು — ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ಕಲ್ಲುಗುಂಡಿಯ ನಮ್ಮ ಜಗಲಿ, ಶನಿವಾರದ ಮಧ್ಯಾಹ್ನಗಳು, ಆ ಹಾಲಿನ ಪುಡಿಯ ಡಬ್ಬಿ — ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಗಂಡ ಅಶ್ರಫ್ ಗಲ್ಫಿನ ಕ್ವಾರಿಯಲ್ಲಿ ದುಡಿಯುವಾಗ ಮರಳಿನಿಂದ ಹೆಕ್ಕಿ ತಂದ ಹಲ್ಲುಗಳು ಅದರಲ್ಲಿದ್ದವು. ಯಾವುದೋ ಕಾಲದಲ್ಲಿ ಅಲ್ಲಿ ಕಡಲಿದ್ದಾಗಿನ ತಾಟೆ ಮೀನಿನವು, ಅಂದರೆ ಶಾರ್ಕಿನವು, ಕಲ್ಲಾಗಿ ಹೋದವು, ಹುಣಸೆಬೀಜಕ್ಕಿಂತ ಸಣ್ಣವು. ಪಕ್ಕದ ಮನೆಯ ನಾನು ಸುಳ್ಯದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆಂದು ನೀನು ಡಬ್ಬಿಯನ್ನು ನನ್ನಲ್ಲಿಗೆ ತಂದೆ. ಎರಡು ತಿಂಗಳು ಇಬ್ಬರೂ ಕೂತು ವಿಂಗಡಿಸಿದೆವು. ನಾನು ಭೂತಗನ್ನಡಿ ಹಿಡಿಯುತ್ತಿದ್ದೆ. ನೀನು ಹಲ್ಲಿನ ಅಂಚಿಗೆ ಉಗುರು ಎಳೆದು, "ಇದಕ್ಕೆ ಗರಗಸ ಉಂಟು, ಇದಕ್ಕಿಲ್ಲ" ಎನ್ನುತ್ತಿದ್ದೆ. ಮದರಂಗಿ ಮಾಸಿದ ಆ ಉಗುರು ಒಮ್ಮೆಯೂ ತಪ್ಪಲಿಲ್ಲ.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನಿನಗೆ ಓದುವ ಆಸೆ ಮತ್ತೆ ಹುಟ್ಟಿದ್ದು ಆಗಲೇ. ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಲು ಅರ್ಜಿ ತುಂಬಿಸಿ ನನ್ನ ಕೈಗೆ ಕೊಟ್ಟೆ. "ನೀವೊಮ್ಮೆ ನೋಡಿ ಟೀಚರೇ, ತಪ್ಪಿದ್ರೆ ಹೇಳಿ."

ಹಲ್ಲುಗಳನ್ನು ನಾನು ಎರಡು ಪೆಟ್ಟಿಗೆಗೆ ಹಾಕಿದ್ದೆ. ಅಗಲದವು, ಗರಗಸದವು ಒಂದು ಜಾತಿ, ಸಪೂರದವು ಇನ್ನೊಂದು. ಕಾಲೇಜಿನಿಂದ ಇಬ್ಬರು ಸಹೋದ್ಯೋಗಿಗಳು ನೋಡಲು ಬಂದಿದ್ದ ದಿನ ನೀನು ಮೆಲ್ಲಗೆ ಅಂದೆ:

"ಇದು ಎರಡು ಜಾತಿ ಅಲ್ಲ ಟೀಚರೇ, ಒಂದೇ ಬಾಯಿದ್ದು. ಅಗಲದ್ದು ಮೇಲಿನದ್ದು, ಸಪೂರದ್ದು ಕೆಳಗಿನದ್ದು. ಮರಿ ತಾಟೆ ಕೊಯ್ಯುವಾಗ ನಾನು ನೋಡುದಲ್ವಾ."

ನಾನು — ಮೀನಿನ ಚಟ್ಟಿ ಒಳಗೆ ಬಾರದ ಮನೆಯಲ್ಲಿ ಹುಟ್ಟಿದವಳು, ಪ್ರಯೋಗಾಲಯದ ಗಾಜಿನ ಭರಣಿಯಲ್ಲಷ್ಟೇ ಮೀನು ಕಂಡವಳು — ನಿನಗೆ ಏನೆಂದೆ?

"ತಾಟೆ ಸಾರು ಮಾಡಿದ ಹಾಗಲ್ಲ ನಸೀಮಾ. ಇದಕ್ಕೆ ಓದ್ಬೇಕು."

ಅವರು ನಕ್ಕರು. ನೀನೂ ನಕ್ಕೆ. "ಹೌದಲ್ಲ, ನಂಗೆಂತ ಗೊತ್ತುಂಟು" ಎಂದು ಶಾಲು ಸರಿಮಾಡಿಕೊಂಡೆ.

ನನಗೆ ಮನಸ್ಸು ತಡೆಯಲಿಲ್ಲ. ಸೋಮವಾರ ಕಾಲೇಜು ಬಿಟ್ಟ ಮೇಲೆ, ಜೀವಮಾನದಲ್ಲಿ ಮೊದಲ ಸಲ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಮೀನು ಮಾರ್ಕೆಟಿಗೆ ಹೋದೆ. "ನಿಮಗೆಂತಕ್ಕೆ ಮೀನು ಮಾರಾಯ್ರೆ?" ಎಂದು ನಗುತ್ತಲೇ ಮೀನಿನವನು ಒಂದು ಮರಿ ತಾಟೆಯ ಬಾಯಿ ಅಗಲಿಸಿ ತೋರಿಸಿದ. ಮೇಲೆ ಅಗಲದ ಹಲ್ಲು. ಕೆಳಗೆ ಸಪೂರದ್ದು.

ಮನೆಗೆ ಬಂದಾಗ ನೀನು ಬೇಲಿಯಾಚೆ ನಿಂತಿದ್ದೆ. ಹೇಳಬೇಕೆಂದೇ ನಾನು ಹತ್ತಿರ ಬಂದಿದ್ದೆ — ನಿಜವಾಗಿಯೂ. ಆದರೆ ನೀನೇ ಮೊದಲು ಮಾತಾಡಿದೆ. "ಆ ಅರ್ಜಿ ಹೋಗ್ಲಿ ಟೀಚರೇ. ಓದುದು ನಂಗಾಗುವ ಕೆಲ್ಸ ಅಲ್ಲ."

ಒಂದು ಮಾತು ಸಾಕಿತ್ತು. ಮೀನಿನ ವಾಸನೆ ಇನ್ನೂ ನನ್ನ ಸೆರಗಿನಲ್ಲಿತ್ತು. "ನಿನ್ನಿಷ್ಟ" ಎಂದು ಒಳಗೆ ಹೋದೆ. ನಿನ್ನೆದುರು ಸಣ್ಣವಳಾಗಲು ಮನಸ್ಸಾಗಲಿಲ್ಲ, ಅಷ್ಟೇ.

ಮುಂದಿನ ವರ್ಷ ನೀವು ಮನೆ ಬಿಟ್ಟು ಕಡಬಕ್ಕೆ ಹೋದಿರಿ. ದೂರವೇನಲ್ಲ, ಎರಡು ಬಸ್ಸಿನ ದಾರಿ. ಆ ಬಸ್ಸನ್ನೂ ನಾನು ಹತ್ತಲಿಲ್ಲ. ಹಲ್ಲುಗಳನ್ನು ನೀನು ಕೇಳಲಿಲ್ಲ, ನಾನು ಕೊಡಲಿಲ್ಲ. ಈಗಲೂ ಕೆಲವು ಶನಿವಾರ ಪೆಟ್ಟಿಗೆ ತೆಗೆದು, ಒಂದು ಹಲ್ಲಿನ ಅಂಚಿಗೆ ಉಗುರು ಎಳೆಯುತ್ತೇನೆ — ನನಗೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ನೀನಿರಬೇಕಿತ್ತು. ನಿನ್ನನ್ನು ನೋಡಬೇಕೆನಿಸುತ್ತದೆ ನಸೀಮಾ, ತುಂಬಾ.

ನಿನ್ನೆ ಎರಡೂ ಪೆಟ್ಟಿಗೆಯ ಹಲ್ಲುಗಳನ್ನು ನಿನ್ನ ಹಾಲಿನ ಪುಡಿಯ ಡಬ್ಬಿಗೇ ಮತ್ತೆ ಸುರಿದೆ. 'ಒಂದೇ ಜಾತಿ. ಗುರುತಿಸಿದವರು: ನಸೀಮಾ' ಎಂದು ಚೀಟಿ ಅಂಟಿಸಿದೆ. ಈ ಶನಿವಾರ ಅದನ್ನು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಪೆಟ್ಟಿಗೆಗಳಿದ್ದ ಕಪಾಟಿನಲ್ಲೇ ನಿನ್ನ ಅರ್ಜಿಯೂ ಇತ್ತು. ತಪ್ಪಿದ್ದರೆ ಹೇಳಿ ಎಂದಿದ್ದೆಯಲ್ಲ — ಇವತ್ತು ಮೊದಲ ಸಲ ಪೂರ್ತಿ ಓದಿದೆ. ಎಲ್ಲಿಯೂ ಒಂದು ತಪ್ಪಿಲ್ಲ.