ಹೂ ಮುಡಿದ ಸಿಲಿಂಡರು

ಕೊಲ್ಲೂರಿನ ಲಾಡ್ಜೊಂದರ ಅಡುಗೆಯವಳು ಪದ್ದು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಯಲು ಧಣಿಗಳೇ ಫೀಸು ಕಟ್ಟಿ ಅವಳನ್ನು ಉಡುಪಿಗೆ ಕಳಿಸಿದ್ದರು. ಅವಳ ಸರ್ಟಿಫಿಕೇಟನ್ನು ಕೌಂಟರಿನ ಮೇಲೆ ಮೆರೆಯುವಂತೆ ತೂಗುಹಾಕಿದ್ದರು.

ಆಯುಧ ಪೂಜೆಯ ದಿನ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೂ ದೇವರ ಮುಂದಿಟ್ಟು ಹೂ ಮುಡಿಸಿದರು. ಯಾತ್ರಿಕರ ನೂಕುನುಗ್ಗಲಿನ ನಡುವೆ ಗೋಳಿಬಜೆ ಕರಿಯುವ ಎಣ್ಣೆ ಹೊತ್ತಿಕೊಂಡಿತು. ಪದ್ದು ಓಡಿಹೋಗಿ ಸಿಲಿಂಡರಿಗೆ ಕೈಹಾಕಿದಳು.

“ಪೂಜಿಗಿಟ್ಟದ್ದ್ ಮಾರಾಯ್ತಿ, ಮುಟ್ಬೇಡ!” ಎಂದು ಧಣಿಗಳು ಕೂಗಿದರು.

ಅವಳ ಕೈ ತಾನಾಗಿ ಹಿಂದೆ ಬಂತು. ಉರಿಯುವ ಎಣ್ಣೆಗೆ ನೀರು ಹಾಕಬಾರದೆಂದು ಕಲಿತವಳು ಅವಳೊಬ್ಬಳೇ. ಯಾರೋ ಕೊಡಪಾನದ ನೀರನ್ನೇ ಬಾಣಲೆಗೆ ಸುರಿದರು. ಭುಗಿಲೆದ್ದ ಎಣ್ಣೆ ಪದ್ದುವಿನ ಕೈಗಳ ಮೇಲೆ ಸಿಡಿಯಿತು.

ಬೆರಳು ಮಡಚಲಾಗದ ಪದ್ದು ಈಗ ಉಪ್ಪುಂದದ ಮನೆಯಲ್ಲಿದ್ದಾಳೆ. ಅವಳ ಜಾಗಕ್ಕೆ ಬಂದ ಸೌಜನ್ಯಳಿಗೂ ಧಣಿಗಳು ಫೀಸು ಕಟ್ಟಿ ಬೆಂಕಿ ಆರಿಸುವುದನ್ನು ಕಲಿಸಿದ್ದಾರೆ. ಮತ್ತೆ ನವರಾತ್ರಿ ಬಂದಿದೆ. ಸಿಲಿಂಡರಿಗೆ ಈ ಸಲ ಹೂ ಮುಡಿಸಿದವಳು ಸೌಜನ್ಯಳೇ.